ಪ್ರೊಸೆಸರ್ ಸ್ಕೀಮ್, ರ‍್ಯಾಮ್ ರೇಟು: ಎಲ್ಲಿಯವರೆಗೆ ವ್ಯಾಪಾರ, ಎಲ್ಲಿಂದ ತಪ್ಪು?

ಪ್ರಶ್ನೆ: ಮಂಡ್ಯದ ನೂರಡಿ ರಸ್ತೆಯಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ಅಂಗಡಿ ಇದೆ. ಅಸೆಂಬಲ್ ಮಾಡಿ ಮಾರುತ್ತೇನೆ. ಶಾಲೆ, ಕಾಲೇಜು, ಸೊಸೈಟಿ, ಆಡಿಟರ್ ಆಫೀಸುಗಳಿಗೆ ಸಪ್ಲೈ ಮಾಡುತ್ತೇನೆ. ಮಾಲು ತರುವುದು ಬೆಂಗಳೂರಿನ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ತಿರ. ಅವರು ಒಂದು ಸ್ಕೀಮ್ ಕೊಟ್ಟಿದ್ದಾರೆ. ನಾನು ತೆಗೆದುಕೊಳ್ಳುವ ಪ್ರೊಸೆಸರ್‌ಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಒಂದೇ ಕಂಪನಿಯದ್ದಾಗಿದ್ದರೆ ಕೊನೆಯಲ್ಲಿ ಪ್ರತಿ ಪೀಸ್‌ಗೂ ಇಷ್ಟು ಅಂತ ಕ್ರೆಡಿಟ್ ನೋಟ್ ಬರುತ್ತದೆ. ಬೇರೆ ಕಂಪನಿಯದ್ದು ಜಾಸ್ತಿ ತಗೊಂಡರೆ ಆ ದುಡ್ಡು ಪೂರ್ತಿ ಹೋಗುತ್ತದೆ. ಹಾಗಾಗಿ ಗಿರಾಕಿ ಇನ್ನೊಂದು ಕಂಪನಿಯದ್ದು ಬೇಕು ಅಂದರೂ ಸ್ಟಾಕ್ ಇಲ್ಲ ಅಂತ ಹೇಳಿ ಕಳಿಸುವ ಹಾಗಾಗಿದೆ. ಇದಕ್ಕೆ ಕಾನೂನಿನಲ್ಲಿ ಅವಕಾಶ ಇದೆಯಾ? ಯುರೋಪಿನಲ್ಲಿ ಇಂಟೆಲ್‌ಗೆ ಇಂಥದ್ದಕ್ಕೇ ದೊಡ್ಡ ದಂಡ ಬಿದ್ದು, ಆಮೇಲೆ ರದ್ದಾಯಿತು ಅಂತ ಓದಿದೆ. ಹಾಗಾದರೆ ಅದು ತಪ್ಪೇ ಅಲ್ಲವಾ? ಇನ್ನೊಂದು ವಿಷಯ, ರ‍್ಯಾಮ್ ರೇಟು ಎಲ್ಲ ಕಂಪನಿಯದ್ದೂ ಒಟ್ಟಿಗೇ ಏರಿದೆ. ಇವರು ಒಳಗೊಳಗೇ ಮಾತಾಡಿಕೊಂಡಿದ್ದಾರಾ? ನನ್ನಂಥವರ ಮಾತನ್ನು ಯಾರಾದರೂ ಕೇಳುತ್ತಾರಾ?

ಉತ್ತರ: ಮೊದಲು ಸ್ಕೀಮ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಅದೇ, ಮತ್ತು ಅದನ್ನು ಹೆಚ್ಚಿನ ಅಂಗಡಿಯವರು 'ವ್ಯಾಪಾರ ಅಂದ್ರೆ ಇದೇ' ಅಂತ ಒಪ್ಪಿಕೊಂಡು ಸುಮ್ನೆ ಇದ್ದುಬಿಡುತ್ತಾರೆ.

ಡಿಸ್ಕೌಂಟ್ ಕೊಡುವುದು ತಪ್ಪಲ್ಲ. ಜಾಸ್ತಿ ಕೊಂಡವರಿಗೆ ಜಾಸ್ತಿ ಡಿಸ್ಕೌಂಟ್ ಕೊಡುವುದೂ ತಪ್ಪಲ್ಲ. '50 ಪೀಸ್ ತಗೊಳ್ಳಿ, ಪೀಸ್‌ಗೆ 300 ರೂಪಾಯಿ ಬಿಡ್ತೀವಿ' ಅನ್ನುವುದು ಎಲ್ಲ ಮಾರುಕಟ್ಟೆಯಲ್ಲೂ ಇರುವ ಮಾತು. ಆದರೆ ನಿಮಗೆ ಹೇಳಿರುವುದು ಅದಲ್ಲ. ನೀವು ಎಷ್ಟು ಕೊಂಡಿರಿ ಅನ್ನುವುದಕ್ಕಿಂತ, ಬೇರೆಯವರ ಹತ್ತಿರ ಎಷ್ಟು ಕೊಳ್ಳಲಿಲ್ಲ ಅನ್ನುವುದರ ಮೇಲೆ ಈ ದುಡ್ಡು ನಿಂತಿದೆ. ಸ್ಕೀಮ್ ಕಾಗದ ಕೈಗೆ ಬಂದಾಗ ಎಷ್ಟು ದುಡ್ಡು ಅಂತ ನೋಡುವ ಮೊದಲು ಯಾವ ಷರತ್ತಿಗೆ ದುಡ್ಡು ಅಂತ ನೋಡಿ. ಈ ಇಡೀ ಉತ್ತರದಲ್ಲಿ ನಾನು ಹೇಳಬೇಕಾದ ಮಾತು ಅದೊಂದೇ, ಉಳಿದದ್ದು ಅದಕ್ಕೆ ವಿವರಣೆ.

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ನಿಮಗೆ 100 ಪ್ರೊಸೆಸರ್ ಬೇಕು ಅಂದುಕೊಳ್ಳಿ. ಅದರಲ್ಲಿ 70 ದೊಡ್ಡ ಕಂಪನಿಯದ್ದೇ ಆಗಬೇಕು, ಯಾಕೆಂದರೆ ಟೆಂಡರ್‌ನಲ್ಲಿ ಅದರ ಹೆಸರೇ ಬರೆದಿರುತ್ತಾರೆ, ಅಥವಾ ಗಿರಾಕಿಗೆ ಗೊತ್ತಿರುವ ಹೆಸರು ಅದೊಂದೇ. ಉಳಿದ 30ರಲ್ಲಿ ನೀವು ಹೇಳಿದ್ದನ್ನು ಗಿರಾಕಿ ಒಪ್ಪುತ್ತಾನೆ. ನಿಜವಾದ ಪೈಪೋಟಿ ನಡೆಯುವುದು ಈ 30ರಲ್ಲಿ ಮಾತ್ರ. ಈಗ ದೊಡ್ಡ ಕಂಪನಿ 'ನೂರಕ್ಕೆ 95 ನಮ್ಮದೇ ಆದರೆ ಎಲ್ಲ ಪೀಸ್‌ಗೂ 500 ರೂಪಾಯಿ ವಾಪಸ್' ಅನ್ನುತ್ತದೆ. ಒಟ್ಟು 50,000 ರೂಪಾಯಿ. ನೀವು ಆ 30ನ್ನು ಎದುರಾಳಿ ಕಂಪನಿಯಿಂದ ತಗೊಂಡರೆ ಈ 50,000 ಪೂರ್ತಿ ಹೋಯಿತು. ಎದುರಾಳಿ ಆ ನಷ್ಟ ತುಂಬಿಕೊಡಬೇಕಾದರೆ ತನ್ನ 30 ಪೀಸ್ ಮೇಲೆ ಪ್ರತಿಯೊಂದಕ್ಕೂ ಸುಮಾರು 1,667 ರೂಪಾಯಿ ಬಿಡಬೇಕು. ದೊಡ್ಡವರು ಬಿಟ್ಟಿದ್ದು ಪೀಸ್‌ಗೆ 500, ಚಿಕ್ಕವರು ಬಿಡಬೇಕಾದ್ದು ಅದರ ಮೂರು ಪಟ್ಟಿಗೂ ಮೇಲೆ. ಇಬ್ಬರ ಮಾಲೂ ಒಂದೇ ಗುಣಮಟ್ಟದ್ದು, ಒಂದೇ ಖರ್ಚಿನದ್ದು ಅಂತಿಟ್ಟುಕೊಂಡರೂ ಚಿಕ್ಕವರು ಈ ಆಟ ಗೆಲ್ಲುವುದಿಲ್ಲ. ಆ 70 ಪೀಸ್ ಹೇಗೂ ದೊಡ್ಡವರ ಕೈಯಲ್ಲಿದೆ, ಅದರ ಬಲದ ಮೇಲೆ ಉಳಿದ 30ನ್ನೂ ಕಟ್ಟಿಹಾಕುತ್ತಾರೆ.

ಇದು ಬರೀ ಕಾಗದದ ಲೆಕ್ಕ ಅಂದುಕೊಳ್ಳಬೇಡಿ. ಇಂಟೆಲ್ ಪ್ರಕರಣದಲ್ಲಿ ಯುರೋಪಿಯನ್ ಕಮಿಷನ್ (ಅಲ್ಲಿ ಪೈಪೋಟಿ ಕಾನೂನು ನೋಡಿಕೊಳ್ಳುವ ಸಂಸ್ಥೆ) ಬಯಲಿಗೆ ತಂದ ಒಂದು ಸಂಗತಿ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಇಂಟೆಲ್‌ನ ಎದುರಾಳಿ ಎಎಂಡಿ ಕಂಪನಿ, ಕಂಪ್ಯೂಟರ್ ಮಾಡುವ ಎಚ್‌ಪಿಗೆ 10 ಲಕ್ಷ ಪ್ರೊಸೆಸರ್‌ಗಳನ್ನು ಬಿಟ್ಟಿ ಕೊಡುತ್ತೇನೆ ಅಂದಿತು. ಕಡಿಮೆ ರೇಟಿಗಲ್ಲ, ಪೂರ್ತಿ ಬಿಟ್ಟಿ. ಎಚ್‌ಪಿ ತೆಗೆದುಕೊಂಡಿದ್ದು 1,60,000 ಮಾತ್ರ. ಎಲ್ಲ ತೆಗೆದುಕೊಂಡಿದ್ದರೆ ಇಂಟೆಲ್‌ನಿಂದ ಕೊಳ್ಳುತ್ತಿದ್ದ ಉಳಿದ ಲಕ್ಷಾಂತರ ಪ್ರೊಸೆಸರ್‌ಗಳ ಮೇಲೆ ವಾಪಸ್ ಬರುವ ದುಡ್ಡು, ಅಂದರೆ ರಿಬೇಟ್, ಕೈತಪ್ಪುತ್ತಿತ್ತು. ಬಿಟ್ಟಿ ಕೊಟ್ಟರೂ ಬೇಡ ಅನ್ನುವ ಸ್ಥಿತಿಗೆ ಒಬ್ಬ ವ್ಯಾಪಾರಿ ಬಂದಿದ್ದಾನೆ ಅಂದರೆ ಆ ಮಾರುಕಟ್ಟೆಯಲ್ಲಿ ಪೈಪೋಟಿ ಉಳಿದಿಲ್ಲ ಅಂತಲೇ ಅರ್ಥ, ಅಲ್ವಾ?

ಆ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ರದ್ದಾಯಿತು ಅಂತ ನೀವು ಓದಿದ್ದು ಅರ್ಧ ಕಥೆ.

2003ರಲ್ಲಿ ಎಎಂಡಿ ಆಪ್ಟೆರಾನ್ ಮತ್ತು ಅಥ್ಲಾನ್ 64 ಅನ್ನುವ ಪ್ರೊಸೆಸರ್‌ಗಳನ್ನು ತಂದಿತು. ಒಳ್ಳೆಯ ಚಿಪ್‌ಗಳು. 32 ಬಿಟ್ ಅನ್ನುವ ಹಳೆಯ ಬಗೆಯ ಪ್ರೋಗ್ರಾಂಗಳೂ ಓಡುತ್ತಿದ್ದವು, 64 ಬಿಟ್ ಅನ್ನುವ ಹೊಸ ಬಗೆಯವೂ ಓಡುತ್ತಿದ್ದವು. ಆ ದಾರಿಯನ್ನು ಇಂಟೆಲ್ ಕೂಡ ಆಮೇಲೆ ಹಿಡಿಯಿತು, ಇವತ್ತು ನಿಮ್ಮ ಅಂಗಡಿಯ ಎರಡೂ ಕಂಪನಿಯ ಪ್ರೊಸೆಸರ್‌ಗಳು ಅದೇ 64 ಬಿಟ್ ವಿನ್ಯಾಸದ ಮೇಲೆ ಓಡುತ್ತವೆ. ಮಾಲು ಚೆನ್ನಾಗಿದ್ದರೂ ಅದು ದೊಡ್ಡ ಕಂಪನಿಗಳ ಕಂಪ್ಯೂಟರ್ ಒಳಗೆ ಸೇರಲು ಪರದಾಡಿತು. ಕಮಿಷನ್ 2009ರ ಮೇ ತಿಂಗಳಲ್ಲಿ ಕೊಟ್ಟ ತೀರ್ಮಾನದ ಪ್ರಕಾರ 2002ರಿಂದ 2007ರ ನಡುವೆ ನಡೆದದ್ದು ಹೀಗೆ. ಡೆಲ್‌ಗೆ ರಿಬೇಟ್ ಸಿಗಬೇಕಾದರೆ ಎಲ್ಲ ಪ್ರೊಸೆಸರ್ ಇಂಟೆಲ್‌ದೇ ಆಗಿರಬೇಕಿತ್ತು. ಎಚ್‌ಪಿ ತನ್ನ ಬಿಸಿನೆಸ್ ಡೆಸ್ಕ್‌ಟಾಪ್‌ಗಳಿಗೆ ಶೇ. 95, ಎನ್‌ಇಸಿ ಶೇ. 80 ಇಂಟೆಲ್‌ನಿಂದಲೇ ಕೊಳ್ಳಬೇಕಿತ್ತು. ಜರ್ಮನಿಯ ಮೀಡಿಯಾ ಮಾರ್ಕ್ಟ್ ಅನ್ನುವ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿ ಜಾಲದ ಒಡೆಯರಿಗೆ ಇಂಟೆಲ್ ಇರುವ ಕಂಪ್ಯೂಟರ್‌ಗಳನ್ನು ಮಾತ್ರ ಮಾರಲಿ ಅಂತ ದುಡ್ಡು ಹೋಗಿತ್ತು. ನಿಮ್ಮ ಅಂಗಡಿಯ ಸ್ಕೀಮ್‌ಗೆ ಅತಿ ಹತ್ತಿರದ್ದು ಈ ಕೊನೆಯದು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಬಗೆ. ಅದರಲ್ಲಿ ರಿಬೇಟ್, ಲೆಕ್ಕ ಏನೂ ಇಲ್ಲ. ಎದುರಾಳಿಯ ಮಾಲನ್ನು ತಡ ಮಾಡಿ ಅಂತ ನೇರವಾಗಿ ದುಡ್ಡು. ಏಸರ್ ಕಂಪನಿ ಅಥ್ಲಾನ್ 64 ಇರುವ ಒಂದು ನೋಟ್‌ಬುಕ್ಕನ್ನು 2003ರ ಸೆಪ್ಟೆಂಬರ್‌ನಿಂದ 2004ರ ಜನವರಿಗೆ ಮುಂದೂಡಿತು. ಎಚ್‌ಪಿ ತನ್ನ ಎಎಂಡಿ ಬಿಸಿನೆಸ್ ಡೆಸ್ಕ್‌ಟಾಪ್‌ಗಳನ್ನು ಡಿಸ್ಟ್ರಿಬ್ಯೂಟರ್‌ಗಳ ಮೂಲಕ ಮಾರಬಾರದು, ಯುರೋಪಿನಲ್ಲಿ ಆರು ತಿಂಗಳು ತಡವಾಗಿ ತರಬೇಕು, ಹೀಗೆಲ್ಲ ಷರತ್ತುಗಳಿದ್ದವು. ಲೆನೊವೊ ಕೂಡ ಕೆಲವು ಎಎಂಡಿ ನೋಟ್‌ಬುಕ್‌ಗಳನ್ನು ತಡ ಮಾಡಿತು.

ದಂಡ 106 ಕೋಟಿ ಯೂರೊ. ಆ ಹೊತ್ತಿಗೆ ಅಲ್ಲಿ ಒಂದು ಕಂಪನಿಗೆ ಹಾಕಿದ್ದ ಅತಿ ದೊಡ್ಡ ದಂಡ ಅದು. 2014ರಲ್ಲಿ ಕೆಳಗಿನ ಕೋರ್ಟು ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಮೇಲಿನ ಕೋರ್ಟು 'ಇಂಟೆಲ್ ಎತ್ತಿದ ಲೆಕ್ಕದ ಆಕ್ಷೇಪಗಳನ್ನು ನೀವು ಸರಿಯಾಗಿ ನೋಡಿಲ್ಲ, ಮತ್ತೆ ನೋಡಿ' ಅಂತ ವಾಪಸ್ ಕಳಿಸಿತು. 2022ರಲ್ಲಿ ಕೆಳಗಿನ ಕೋರ್ಟು ರಿಬೇಟ್ ಭಾಗವನ್ನು ತಳ್ಳಿಹಾಕಿ ದಂಡ ರದ್ದು ಮಾಡಿತು. ನೀವು ಓದಿದ್ದು ಈ ಸುದ್ದಿಯನ್ನು. ಯಾಕೆ ತಳ್ಳಿಹಾಕಿತು? ಮೇಲೆ ನಾನು 70, 30 ಅಂತ ಒಂದು ಲೆಕ್ಕ ಹಾಕಿದೆನಲ್ಲ, ಹೆಚ್ಚೂಕಡಿಮೆ ಅದೇ ಬಗೆಯ ಲೆಕ್ಕವನ್ನು ಕಮಿಷನ್ ಕೂಡ ಹಾಕಿತ್ತು. ಇಂಟೆಲ್‌ನಷ್ಟೇ ಸಮರ್ಥವಾದ ಎದುರಾಳಿಯೊಬ್ಬ ಈ ರಿಬೇಟ್‌ಗೆ ಎದುರಾಗಿ ನಷ್ಟ ಇಲ್ಲದೆ ಮಾರಬಹುದಿತ್ತಾ ಅನ್ನುವ ಪರೀಕ್ಷೆ ಅದು. ಆ ಲೆಕ್ಕದಲ್ಲಿ ತಪ್ಪುಗಳಿವೆ, ಸಾಕ್ಷ್ಯ ಸಾಲದು ಅಂತ ಕೋರ್ಟು ಹೇಳಿತು. 30 ಅನ್ನುವುದು ನಿಜಕ್ಕೂ 30ಆ ಅಥವಾ 45ಆ ಅನ್ನುವುದರ ಮೇಲೆ ಉತ್ತರವೇ ಬದಲಾಗಿಬಿಡುತ್ತದೆ, ನೀವೇ ಹಾಕಿ ನೋಡಿ. 2024ರ ಅಕ್ಟೋಬರ್‌ನಲ್ಲಿ ಮೇಲಿನ ಕೋರ್ಟು ಕೂಡ ಈ ರದ್ದತಿಯನ್ನು ಒಪ್ಪಿಕೊಂಡಿತು.

ಆದರೆ ಏಸರ್, ಎಚ್‌ಪಿ, ಲೆನೊವೊಗೆ ತಡ ಮಾಡಿ ಅಂತ ಕೊಟ್ಟ ದುಡ್ಡಿನ ಭಾಗ ತಪ್ಪು ಅನ್ನುವ ತೀರ್ಮಾನವನ್ನು ಕೋರ್ಟು ಮುಟ್ಟಲಿಲ್ಲ. ದಂಡದಲ್ಲಿ ಅದರ ಪಾಲು ಎಷ್ಟು ಅಂತ ಬೇರೆ ಮಾಡಲು ಆಗದ್ದರಿಂದ ಇಡೀ ದಂಡ ಹೋಯಿತು ಅಷ್ಟೆ. ಕಮಿಷನ್ 2023ರ ಸೆಪ್ಟೆಂಬರ್‌ನಲ್ಲಿ ಆ ಭಾಗಕ್ಕೆ ಮಾತ್ರ ಮತ್ತೆ 37.6 ಕೋಟಿ ಯೂರೊ ದಂಡ ಹಾಕಿತು. ಹಾಗಾಗಿ 'ರದ್ದಾಯಿತು, ತಪ್ಪೇ ಇರಲಿಲ್ಲ' ಅನ್ನುವವರ ಮಾತು ಒಪ್ಪಬೇಡಿ. ಹಾಗೆಯೇ 'ಷರತ್ತಿನ ರಿಬೇಟ್ ಅಂದರೆ ಎಲ್ಲವೂ ಅಪರಾಧ' ಅನ್ನುವವರ ಮಾತನ್ನೂ ಒಪ್ಪಬೇಡಿ. ನಿಜವಾದ ಲೆಕ್ಕ, ನಿಜವಾದ ಕಾಗದ ಮುಂದಿಟ್ಟು ಪರಿಣಾಮ ತೋರಿಸಬೇಕು.

ಯುರೋಪ್ ಒಂದೇ ಅಲ್ಲ. ಜಪಾನಿನ ಸ್ಪರ್ಧಾ ಆಯೋಗ 2005ರಲ್ಲೇ ಅಲ್ಲಿನ ಐದು ಕಂಪ್ಯೂಟರ್ ಕಂಪನಿಗಳ ವಿಷಯದಲ್ಲಿ ಇಂಥದ್ದೇ ಷರತ್ತು ಕಂಡುಹಿಡಿದಿತ್ತು. ಕೊರಿಯಾ 2008ರಲ್ಲಿ ದಂಡ ಹಾಕಿತು. ಅಮೆರಿಕದಲ್ಲಿ ಎಎಂಡಿ ಹಾಕಿದ್ದ ಕೇಸು 2009ರ ನವೆಂಬರ್‌ನಲ್ಲಿ ರಾಜಿಯಾಗಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟಿತು. ಮುಂದಿನ ವರ್ಷ ಅಲ್ಲಿನ ಸರ್ಕಾರಿ ಸಂಸ್ಥೆಯ ಜೊತೆಗೂ ರಾಜಿ ಆಯಿತು. ಎದುರಾಳಿಯಿಂದ ಕೊಳ್ಳಬೇಡಿ ಅನ್ನುವ ಷರತ್ತಿನ ಮೇಲೆ ಲಾಭ ಕೊಡುವ ಹಾಗಿಲ್ಲ ಅನ್ನುವುದು ಅದರಲ್ಲಿ ಸೇರಿತ್ತು. ಇಂಟೆಲ್ ಇವುಗಳಲ್ಲಿ ತಪ್ಪು ಒಪ್ಪಿಕೊಳ್ಳಲಿಲ್ಲ ಅನ್ನುವುದನ್ನೂ ಹೇಳಬೇಕು.

ಡೆಲ್ ಕಥೆ ಇನ್ನೂ ಗಂಭೀರ. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕರು 2010ರಲ್ಲಿ ಡೆಲ್ ಮೇಲೆ ಹೊರಿಸಿದ ಆರೋಪದ ಪ್ರಕಾರ, ಇಂಟೆಲ್‌ನಿಂದ ಬರುತ್ತಿದ್ದ ಈ ದುಡ್ಡು 2003ನೇ ಹಣಕಾಸು ವರ್ಷದಲ್ಲಿ ಡೆಲ್‌ನ ಕಾರ್ಯಾಚರಣೆ ಲಾಭದ ಶೇ. 10 ಇತ್ತು, 2006ರಲ್ಲಿ ಶೇ. 38 ಆಯಿತು, 2007ನೇ ಹಣಕಾಸು ವರ್ಷದ ಮೊದಲ ಮೂರು ತಿಂಗಳಲ್ಲಿ ಶೇ. 76ಕ್ಕೆ ಹೋಯಿತು. ಷೇರು ಕೊಂಡವರಿಗೆ ಇದನ್ನು ಹೇಳಿರಲಿಲ್ಲ. ಡೆಲ್ 10 ಕೋಟಿ ಡಾಲರ್ ಕಟ್ಟಿ ಮುಗಿಸಿಕೊಂಡಿತು. ಸ್ಕೀಮ್ ದುಡ್ಡು ಮೊದಮೊದಲು ಮೇಲೋಗರದ ಹಾಗೆ ಬರುತ್ತದೆ, ಬರುಬರುತ್ತಾ ಅಂಗಡಿಯ ಲಾಭವೇ ಅದಾಗುತ್ತದೆ. ಅಲ್ಲಿಗೆ ಯಾವ ಮಾಲು ಇಡಬೇಕು ಅನ್ನುವ ತೀರ್ಮಾನ ನಿಮ್ಮ ಕೈಯಲ್ಲಿ ಇರುವುದಿಲ್ಲ. ನಿಮ್ಮ ಕಳೆದ ವರ್ಷದ ಲೆಕ್ಕ ತೆಗೆದು, ಕ್ರೆಡಿಟ್ ನೋಟ್ ಇಲ್ಲದಿದ್ದರೆ ಎಷ್ಟು ಉಳಿಯುತ್ತಿತ್ತು ಅಂತ ಒಮ್ಮೆ ನೋಡಿ ಅಂತ ನನ್ನ ಕಳಕಳಿಯ ಸಲಹೆ.

ಎಎಂಡಿಯ ಕಷ್ಟಕ್ಕೆಲ್ಲ ಇಂಟೆಲ್ ಕಾರಣ ಅಂತ ಮಾತ್ರ ನಾನು ಹೇಳುವುದಿಲ್ಲ. 2006ರಲ್ಲಿ ಅವರು ಗ್ರಾಫಿಕ್ಸ್ ಚಿಪ್ ಮಾಡುವ ಎಟಿಐ ಕಂಪನಿಯನ್ನು ಸುಮಾರು 540 ಕೋಟಿ ಡಾಲರ್‌ಗೆ ಕೊಂಡರು, ಅದು ಭಾರವಾಯಿತು. ಆಮೇಲೆ ಬಂದ ಕೆಲವು ಚಿಪ್‌ಗಳೂ ಚೆನ್ನಾಗಿರಲಿಲ್ಲ. 2009ರಲ್ಲಿ ಫ್ಯಾಕ್ಟರಿಗಳನ್ನೇ ಬೇರೆ ಕಂಪನಿ ಮಾಡಿ ಕೈಬಿಟ್ಟರು, ಅದೇ ಗ್ಲೋಬಲ್‌ಫೌಂಡ್ರೀಸ್. 2017ರಲ್ಲಿ ರೈಜನ್ ಪ್ರೊಸೆಸರ್ ಬಂದ ಮೇಲೆ ಚೇತರಿಸಿಕೊಂಡರು. ಈಗ ಇಂಟೆಲ್ ಸ್ಥಿತಿಯೇ ಬಿಗಿಯಾಗಿದೆ, 2025ರಲ್ಲಿ ಅಮೆರಿಕ ಸರ್ಕಾರವೇ ಅದರಲ್ಲಿ ಸುಮಾರು ಶೇ. 10 ಪಾಲು ತೆಗೆದುಕೊಂಡಿತು. ಇದನ್ನು ನೋಡಿ ಕೆಲವರು 'ಮಾರುಕಟ್ಟೆ ತಾನೇ ಸರಿಹೋಗುತ್ತೆ, ಕಾನೂನು ಯಾಕೆ' ಅನ್ನುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಒಳ್ಳೆಯ ಚಿಪ್ ಕೈಯಲ್ಲಿದ್ದ ವರ್ಷಗಳಲ್ಲಿ ಬರಬೇಕಾದ ದುಡ್ಡು ಬಂದಿದ್ದರೆ ಮುಂದಿನ ಚಿಪ್‌ಗೆ ಹಾಕಲು ಬಂಡವಾಳ ಇರುತ್ತಿತ್ತು. ಆ ವರ್ಷಗಳಲ್ಲಿ ಕಂಪ್ಯೂಟರ್ ಕೊಂಡವರಿಗೆ ಆಯ್ಕೆ ಇರುತ್ತಿತ್ತು. ಕಂಪನಿ ಚೇತರಿಸಿಕೊಂಡರೂ ಕೊಂಡವರಿಗೆ ಆದ ನಷ್ಟ ವಾಪಸ್ ಬರಲ್ಲ.

ಈಗ ರ‍್ಯಾಮ್ ವಿಷಯ.

ರ‍್ಯಾಮ್ ಚಿಪ್ ಮಾಡುವವರಲ್ಲಿ ಹಿಂದೆ ನಿಜಕ್ಕೂ ಕಾರ್ಟೆಲ್, ಅಂದರೆ ಒಳಗೊಳಗೇ ರೇಟು ಹೊಂದಿಸಿಕೊಳ್ಳುವ ಕೂಟ, ಇತ್ತು. ಇದು ಗುಮಾನಿಯಲ್ಲ, ಅವರೇ ಕೋರ್ಟಿನಲ್ಲಿ ಒಪ್ಪಿಕೊಂಡ ಮಾತು. 1990ರ ದಶಕದ ಕೊನೆಯಿಂದ 2002ರವರೆಗೆ ಸ್ಯಾಮ್‌ಸಂಗ್, ಹೈನಿಕ್ಸ್, ಇನ್ಫಿನಿಯಾನ್, ಎಲ್ಪಿಡಾ ಕಂಪನಿಗಳ ಸೇಲ್ಸ್ ಜನ ಬೇರೆ ಬೇರೆ ಅವಧಿಗಳಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಂಡು, ಡೆಲ್, ಎಚ್‌ಪಿ, ಆ್ಯಪಲ್, ಐಬಿಎಂನಂಥ ಕಂಪನಿಗಳಿಗೆ ಯಾವ ರೇಟು ಹೇಳಬೇಕು ಅಂತ ಹೊಂದಿಸಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಸ್ಯಾಮ್‌ಸಂಗ್ 30 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ, ಇನ್ಫಿನಿಯಾನ್ 16 ಕೋಟಿ, ಎಲ್ಪಿಡಾ 8.4 ಕೋಟಿ ದಂಡ ಕಟ್ಟಿದವು. ಒಟ್ಟು ಸುಮಾರು 73 ಕೋಟಿ ಡಾಲರ್. ದಂಡದ ಜೊತೆಗೆ ಹಲವು ಅಧಿಕಾರಿಗಳು ಜೈಲಿಗೂ ಹೋದರು. ಮೈಕ್ರಾನ್ ಕಂಪನಿ ತನಿಖೆಗೆ ಸಹಕರಿಸಿ ದಂಡದಿಂದ ತಪ್ಪಿಸಿಕೊಂಡಿತು. 2010ರಲ್ಲಿ ಯುರೋಪ್ ಕೂಡ ಇದೇ ವಿಷಯಕ್ಕೆ ಒಟ್ಟು 33.1 ಕೋಟಿ ಯೂರೊ ದಂಡ ಹಾಕಿತು, ಅಲ್ಲೂ ಮೊದಲು ಬಾಯಿಬಿಟ್ಟ ಮೈಕ್ರಾನ್‌ಗೆ ಮಾಫಿ. ಕಾರ್ಟೆಲ್ ಒಡೆಯಲು ಇದಕ್ಕಿಂತ ಬಲವಾದ ದಾರಿ ಇಲ್ಲ ಅಂತ ನನ್ನ ನಂಬಿಕೆ. ಒಳಗಿರುವ ಪ್ರತಿಯೊಬ್ಬನಿಗೂ ಪಕ್ಕದವನು ನಾಳೆ ಬೆಳಿಗ್ಗೆ ಮೊದಲು ಹೋಗಿ ಹೇಳಿಬಿಟ್ಟರೆ ಅನ್ನುವ ಭಯ ಇರುತ್ತದೆ. ನಮ್ಮ ದೇಶದ ಕಾಯ್ದೆಯಲ್ಲೂ ಹೀಗೆ ಮೊದಲು ಬಂದು ಹೇಳಿದವರಿಗೆ ದಂಡ ಇಳಿಸುವ ವ್ಯವಸ್ಥೆ ಇದೆ.

ಈ ಇತಿಹಾಸ ಇರುವುದರಿಂದ ನಿಮ್ಮ ಅನುಮಾನ ಸಹಜ. ಆದರೆ ಈಗಿನ ಏರಿಕೆಗೆ ಕಾರ್ಟೆಲ್ ಇಲ್ಲದೆಯೂ ಕಾರಣಗಳು ಕಾಣುತ್ತವೆ. ಪ್ರಪಂಚದ ರ‍್ಯಾಮ್ ಚಿಪ್‌ನಲ್ಲಿ ಬಹುಪಾಲು ಮಾಡುವುದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಎಚ್‌ಬಿಎಂ ಅನ್ನುವ ವಿಶೇಷ ಮೆಮೊರಿ ಬೇಕು. ಅಷ್ಟೇ ಜಿಬಿ ಮಾಡಲು ಸಾಮಾನ್ಯ ಕಂಪ್ಯೂಟರ್‌ಗೆ ಹಾಕುವ ಡಿಡಿಆರ್5 ಮೆಮೊರಿಗಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬಿಲ್ಲೆ ಅದಕ್ಕೆ ಹೋಗುತ್ತದೆ ಅಂತ ಮೈಕ್ರಾನ್ ಹೇಳಿದೆ. ಲಾಭ ಅಲ್ಲಿ ಜಾಸ್ತಿ, ಹಾಗಾಗಿ ಮೂವರೂ ಆ ಕಡೆ ತಿರುಗಿದರು. ನಿಮ್ಮ ಅಂಗಡಿಗೆ ಬರುವ ರ‍್ಯಾಮ್‌ಗೆ ಚಿಪ್ ಕಡಿಮೆಯಾಯಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಅಂತ ಪ್ರಕಟಿಸಿತು, ನೀವೂ ಆ ರ‍್ಯಾಮ್ ಮಾರಿರುತ್ತೀರಿ.

ಹೊಸ ಫ್ಯಾಕ್ಟರಿ ಕಟ್ಟಿ ಮಾಲು ಹೊರಬರಲು ವರ್ಷಗಟ್ಟಲೆ ಬೇಕು, ಸಾವಿರಾರು ಕೋಟಿ ರೂಪಾಯಿ ಬೇಕು. ನಿಮ್ಮ ಮಂಡ್ಯದ ಕಡೆ ಬೆಲ್ಲಕ್ಕೆ ರೇಟು ಬಂದ ವರ್ಷ ಎಲ್ಲರೂ ಕಬ್ಬು ಹಾಕಿ, ಅದು ಕಟಾವಿಗೆ ಬರುವ ಹೊತ್ತಿಗೆ ರೇಟು ಕುಸಿಯುವುದನ್ನು ನೋಡಿದ್ದೀರಲ್ಲ, ಈ ಉದ್ಯಮದ ಏರಿಳಿತವೂ ಅದೇ ಜಾತಿಯದ್ದು. 2022ರ ಕೊನೆಯಿಂದ 2023ರವರೆಗೆ ಇದೇ ರ‍್ಯಾಮ್ ಕಂಪನಿಗಳು ರೇಟು ಕುಸಿದು ಭಾರಿ ನಷ್ಟ ಕಂಡು ಉತ್ಪಾದನೆ ಕಡಿಮೆ ಮಾಡಿದ್ದವು. ಆಗ ನೀವು ಕಡಿಮೆ ರೇಟಿಗೆ ಕೊಂಡಿರಿ.

ಕಾನೂನು ಇಲ್ಲಿ ಏನನ್ನುತ್ತದೆ ಅಂದರೆ, ಎಲ್ಲರ ರೇಟು ಒಟ್ಟಿಗೆ ಏರಿತು ಅನ್ನುವುದೊಂದೇ ಸಾಕ್ಷಿ ಆಗುವುದಿಲ್ಲ. ಮೂವರೇ ಇರುವ ಮಾರುಕಟ್ಟೆಯಲ್ಲಿ ಒಬ್ಬ ಏರಿಸಿದ್ದನ್ನು ಪೇಪರಿನಲ್ಲಿ ಓದಿಯೇ ಇನ್ನಿಬ್ಬರು ಏರಿಸಬಹುದು, ಫೋನ್ ಮಾಡಬೇಕಾಗಿಲ್ಲ. 2016ರಿಂದ 2018ರ ನಡುವೆ ರ‍್ಯಾಮ್ ರೇಟು ಏರಿದಾಗ ಅಮೆರಿಕದಲ್ಲಿ ಗ್ರಾಹಕರು ಇದೇ ಮೂರು ಕಂಪನಿಗಳ ಮೇಲೆ ಕೇಸು ಹಾಕಿದ್ದರು. ಒಟ್ಟಿಗೆ ಏರಿಸಿದ್ದಕ್ಕೆ ಒಪ್ಪಂದವೇ ಕಾರಣ ಅಂತ ತೋರಿಸುವ ಸಂಗತಿಗಳು ಸಾಲದು ಅಂತ ಕೇಸು ವಜಾ ಆಯಿತು, 2022ರಲ್ಲಿ ಮೇಲ್ಮನವಿ ಕೋರ್ಟು ಕೂಡ ಅದನ್ನೇ ಒಪ್ಪಿತು. ಮಾತಾಡಿಕೊಂಡು ಏರಿಸಲಿ, ನೋಡಿಕೊಂಡು ಏರಿಸಲಿ, ಕೊಳ್ಳುವವನಿಗೆ ಎರಡೂ ಒಂದೇ ಪೆಟ್ಟು, ರೇಟು ಏರಿದ್ದು ಏರಿದ್ದೇ. ಮೂವರ ಕೈಯಲ್ಲಿರುವ ಮಾರುಕಟ್ಟೆಯ ಈ ಸಂಕಟಕ್ಕೆ ಈಗಿನ ಕಾಯ್ದೆಗಳಲ್ಲಿ ಪೂರ್ತಿ ಉತ್ತರ ಇಲ್ಲ ಅನ್ನುವುದು ಮೈಸೂರಿನಲ್ಲಿ ಈ ಕಾನೂನನ್ನೇ ಪಾಠ ಮಾಡುವ ನನಗೆ ಬೇಸರದ ವಿಷಯ. ಇರುವ ಕಂಪನಿಗಳು ಒಂದಾಗುವುದನ್ನು ಮೊದಲೇ ತಡೆಯುವುದು, ಹೊಸಬರು ಬರಲು ದಾರಿ ಮಾಡುವುದು, ಇವೇ ಸದ್ಯದ ಉಪಾಯ. ಚಿಪ್ ಮಾರುವ ಎನ್‌ವಿಡಿಯಾ ಕಂಪನಿ 4,000 ಕೋಟಿ ಡಾಲರ್ ಕೊಟ್ಟು ಆರ್ಮ್ ಕಂಪನಿಯನ್ನು ಕೊಳ್ಳಲು ಹೊರಟಾಗ ಹಾಗೆ ತಡೆದದ್ದು ಸರಿಯಾದ ಕೆಲಸ. ನಮ್ಮೆಲ್ಲರ ಮೊಬೈಲ್ ಒಳಗಿನ ಪ್ರೊಸೆಸರ್ ವಿನ್ಯಾಸಕ್ಕೆ ಎಲ್ಲ ಕಂಪನಿಗಳೂ ಆರ್ಮ್ ಹತ್ತಿರ ಲೈಸೆನ್ಸ್ ಪಡೆಯುತ್ತವೆ. ಅದು ಅವುಗಳಲ್ಲೇ ಒಂದರ ಕೈಗೆ ಹೋದರೆ ಉಳಿದವರ ಗತಿ ಏನು? ಅಮೆರಿಕ 2021ರ ಡಿಸೆಂಬರ್‌ನಲ್ಲಿ ಕೇಸು ಹಾಕಿತು, ಬ್ರಿಟನ್, ಯುರೋಪಿನಲ್ಲೂ ತನಿಖೆ ನಡೆಯುತ್ತಿತ್ತು. 2022ರ ಫೆಬ್ರವರಿಯಲ್ಲಿ ಎನ್‌ವಿಡಿಯಾದವರು ಕೊಳ್ಳುವುದನ್ನೇ ಕೈಬಿಟ್ಟರು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿರುವುದು 2002ರ ಸ್ಪರ್ಧಾ ಕಾಯ್ದೆ. ಅದನ್ನು ನೋಡಿಕೊಳ್ಳುವುದು ದೆಹಲಿಯ ಭಾರತೀಯ ಸ್ಪರ್ಧಾ ಆಯೋಗ, ಎಲ್ಲರೂ ಸಿಸಿಐ ಅನ್ನುತ್ತಾರೆ. ನಿಮಗೆ ಸಂಬಂಧಿಸಿದ್ದು ಎರಡು ಸೆಕ್ಷನ್. ಸೆಕ್ಷನ್ 3 ಒಪ್ಪಂದಗಳ ಬಗ್ಗೆ. ರೇಟು ಹೊಂದಿಸಿಕೊಳ್ಳುವ ಕಾರ್ಟೆಲ್ ಇದರಲ್ಲಿ ಬರುತ್ತದೆ, ಬೇರೆಯವರ ಮಾಲು ಇಡಬೇಡಿ ಅನ್ನುವ ಕಂಪನಿ ಮತ್ತು ಅಂಗಡಿ ನಡುವಿನ ಕಟ್ಟುಪಾಡೂ ಬರುತ್ತದೆ. ಎರಡನೆಯದ್ದರಲ್ಲಿ ಪೈಪೋಟಿಗೆ ಗಣನೀಯ ಹಾನಿ ಆಗಿದೆ ಅಂತ ತೋರಿಸಬೇಕು. ಸೆಕ್ಷನ್ 4 ಮಾರುಕಟ್ಟೆಯಲ್ಲಿ ಮೇಲುಗೈ ಇರುವ ಕಂಪನಿ ಆ ಬಲವನ್ನು ದುರುಪಯೋಗ ಮಾಡುವುದರ ಬಗ್ಗೆ. ಮೇಲುಗೈ ಇರುವುದು ತಪ್ಪಲ್ಲ, ದುರುಪಯೋಗ ತಪ್ಪು.

ನಿಮ್ಮ ಡಿಸ್ಟ್ರಿಬ್ಯೂಟರ್ ಒಬ್ಬರೇ ತಮ್ಮ ಲೆಕ್ಕಾಚಾರಕ್ಕೆ ಈ ಸ್ಕೀಮ್ ಮಾಡಿಕೊಂಡಿದ್ದರೆ ಕೇಸು ಬಲವಾಗಿ ನಿಲ್ಲುವುದು ಕಷ್ಟ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇನ್ನೂ ಎಷ್ಟೋ ಜನ ಮಾರುತ್ತಾರೆ, ನೀವು ಅಲ್ಲಿಗೆ ಹೋಗಬಹುದು ಅನ್ನುತ್ತಾರೆ. ಸ್ಕೀಮ್ ಮೇಲಿನಿಂದ, ಕಂಪನಿಯಿಂದಲೇ ಬಂದಿದ್ದು, ನಿಮ್ಮ ಹಾಗೆ ಮೈಸೂರು, ಹಾಸನ, ತುಮಕೂರಿನ ಅಂಗಡಿಯವರಿಗೂ ಅದೇ ಷರತ್ತು ಇದ್ದರೆ ಮಾತು ಬೇರೆ. ಹಾಗಾಗಿ ಮೊದಲು ಅಕ್ಕಪಕ್ಕದ ಊರಿನ ನಿಮ್ಮ ಸ್ನೇಹಿತರನ್ನು ಕೇಳಿ ತಿಳಿದುಕೊಳ್ಳಿ. ಸ್ಕೀಮ್ ವಿಷಯ ತಿಳಿಯುವುದು ಬೇರೆ, ಅವರ ಜೊತೆ ಸೇರಿ ಮಾರುವ ರೇಟು ಮಾತಾಡಿಕೊಳ್ಳುವುದು ಬೇರೆ. ಅಂಗಡಿಯವರೆಲ್ಲ ಸೇರಿ 'ಇಷ್ಟಕ್ಕಿಂತ ಕಡಿಮೆಗೆ ಯಾರೂ ಮಾರಬೇಡಿ' ಅಂದರೆ ಅದೂ ಇದೇ ಸೆಕ್ಷನ್ 3ರ ಕೆಳಗೆ ಬರುತ್ತದೆ, ವರ್ತಕರ ಸಂಘಗಳಿಗೂ ಸಿಸಿಐ ದಂಡ ಹಾಕಿದೆ. ಇದನ್ನು ದಯವಿಟ್ಟು ನೆನಪಿಡಿ.

ಚಿಪ್ ವಿಷಯದಲ್ಲಿ ಸಿಸಿಐ ಹಿಂದೆ ಏನು ಮಾಡಿದೆ ಅಂದರೆ, ಒಂದು ಡಿಸ್ಟ್ರಿಬ್ಯೂಟರ್ ಕಂಪನಿ 2011ರಲ್ಲಿ ಇಂಟೆಲ್ ಮೇಲೆ ಕೊಟ್ಟ ದೂರನ್ನು ತನಿಖೆ ಮಾಡಿಸಿ, ಇಂಟೆಲ್‌ಗೆ ಮೇಲುಗೈ ಇದೆ, ಆದರೆ ದುರುಪಯೋಗ ಸಾಬೀತಾಗಿಲ್ಲ ಅಂತ 2014ರಲ್ಲಿ ಮುಚ್ಚಿತು. 2018ರಲ್ಲಿ ನಮ್ಮ ಬೆಂಗಳೂರಿನ ವೇಲಂಕಣಿ ಎಲೆಕ್ಟ್ರಾನಿಕ್ಸ್, ಸರ್ವರ್ ಬೋರ್ಡ್ ವಿನ್ಯಾಸಕ್ಕೆ ಬೇಕಾದ ಫೈಲುಗಳನ್ನು ಇಂಟೆಲ್ ಕೊಡುತ್ತಿಲ್ಲ ಅಂತ ದೂರಿತು, ಸಿಸಿಐ ತನಿಖೆಗೆ ಹೇಳಿತು. 2019ರಲ್ಲಿ ವಾರಂಟಿ ವಿಷಯ ಬಂತು. ವಿದೇಶದಲ್ಲಿ ಕಡಿಮೆ ರೇಟಿಗೆ ಕೊಂಡು ಇಲ್ಲಿಗೆ ತಂದ ಅಸಲಿ ಬಾಕ್ಸ್ ಪ್ರೊಸೆಸರ್‌ಗೆ, ಭಾರತದ ಅಧಿಕೃತ ಡಿಸ್ಟ್ರಿಬ್ಯೂಟರ್ ಮೂಲಕ ಕೊಂಡಿಲ್ಲ ಅಂತ ಇಲ್ಲಿ ವಾರಂಟಿ ಕೊಡುವುದಿಲ್ಲ ಅನ್ನುವ ನಿಯಮದ ಮೇಲಿನ ದೂರು ಅದು. ಅದನ್ನೂ ತನಿಖೆಗೆ ಕಳಿಸಿತು. ಈ ಕೊನೆಯದು ನಿಮ್ಮಂಥವರಿಗೆ ನೇರವಾಗಿ ಮುಟ್ಟುತ್ತದೆ. ವಾರಂಟಿ ನಿಯಮ ನೋಡಲು ಗಿರಾಕಿಯ ಕಾಳಜಿಯ ಹಾಗೆ ಕಾಣುತ್ತದೆ, ಆದರೆ ಕಡಿಮೆ ರೇಟಿಗೆ ತರುವ ಇನ್ನೊಬ್ಬ ವ್ಯಾಪಾರಿಯನ್ನು ಅದೇ ನಿಯಮದಿಂದ ಹೊರಗಿಡಬಹುದು.

ನಿಮ್ಮಂಥವರ ಮಾತು ಯಾರಾದರೂ ಕೇಳುತ್ತಾರಾ ಅಂದಿರಿ. ಕೇಳಲೇಬೇಕು. ಯಾರು ಬೇಕಾದರೂ ಸಿಸಿಐಗೆ ಮಾಹಿತಿ ಸಲ್ಲಿಸಬಹುದು, ಸ್ವತಃ ನಷ್ಟ ಆದವರೇ ಆಗಬೇಕಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಓಲಾ, ಊಬರ್ ಪ್ರಕರಣದಲ್ಲಿ ಹೇಳಿದೆ. ಶುಲ್ಕ ಇದೆ, ವ್ಯಕ್ತಿಗಳಿಗೆ ಮತ್ತು ಚಿಕ್ಕ ಸಂಸ್ಥೆಗಳಿಗೆ ಕಡಿಮೆ. 2023ರ ತಿದ್ದುಪಡಿಯ ನಂತರ ಘಟನೆ ನಡೆದ 3 ವರ್ಷದ ಒಳಗೆ ಸಲ್ಲಿಸಬೇಕು, ತಡವಾದರೆ ಕಾರಣ ಕೊಡಬೇಕು. ಅದೇ ತಿದ್ದುಪಡಿಯಲ್ಲಿ ದಂಡದ ಲೆಕ್ಕಕ್ಕೆ ಕಂಪನಿಯ ಪ್ರಪಂಚದಾದ್ಯಂತದ ವಹಿವಾಟನ್ನು ತೆಗೆದುಕೊಳ್ಳಲು ಅವಕಾಶ ಮಾಡಿದ್ದಾರೆ. ಭಾರತದ ಮಾರಾಟ ಚಿಕ್ಕದು ಅಂತ ಹಗುರವಾಗಿ ನೋಡುತ್ತಿದ್ದ ವಿದೇಶಿ ಕಂಪನಿಗಳು ಇನ್ನು ಹಾಗೆ ನೋಡಲು ಆಗಲ್ಲ. ದಂಡದ ದುಡ್ಡು ಸರ್ಕಾರಕ್ಕೆ ಹೋಗುತ್ತದೆ. ನಿಮಗೆ ಆದ ನಷ್ಟ ಬೇಕಾದರೆ ತಪ್ಪು ಸಾಬೀತಾದ ಮೇಲೆ ಎನ್‌ಸಿಎಲ್‌ಎಟಿ ಅನ್ನುವ ಮೇಲ್ಮನವಿ ಮಂಡಳಿಗೆ ಬೇರೆ ಅರ್ಜಿ ಹಾಕಬೇಕು. ವರ್ಷಗಳು ಹಿಡಿಯುತ್ತವೆ. ಇಂಟೆಲ್ ರಿಬೇಟ್ ವಿಷಯದಲ್ಲಿ 2002ರಲ್ಲಿ ನಡೆದದ್ದಕ್ಕೆ ಕೊನೆಯ ಮಾತು ಬಂದದ್ದು 2024ರಲ್ಲಿ, 22 ವರ್ಷ. ಆ ತಡ ನನಗೂ ಸಿಟ್ಟು ತರಿಸುತ್ತದೆ.

ಆದ್ದರಿಂದ ದೂರಿಗೆ ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ. ಸ್ಕೀಮ್ ಷರತ್ತನ್ನು ಫೋನಿನಲ್ಲಿ ಕೇಳಿ ಬಿಡಬೇಡಿ. 'ಬೇರೆ ಕಂಪನಿಯದ್ದು ಎಷ್ಟು ತಗೊಂಡರೆ ಕ್ರೆಡಿಟ್ ನೋಟ್ ಬರಲ್ಲ, ಈ ಷರತ್ತು ನಿಮ್ಮದಾ, ಕಂಪನಿಯದ್ದಾ' ಅಂತ ಇಮೇಲ್‌ನಲ್ಲಿ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ಬಂದ ಉತ್ತರ ಉಳಿಸಿಕೊಳ್ಳಿ. ಬಿಲ್, ಕ್ರೆಡಿಟ್ ನೋಟ್ ಎಲ್ಲ ಒಂದು ಫೈಲಿಗೆ ಹಾಕಿ. ನೀವು ವಾಪಸ್ ಕಳಿಸಿದ ಆರ್ಡರ್‌ಗಳ ತಾರೀಕು, ಗಿರಾಕಿ ಕೇಳಿದ ಮಾಡೆಲ್ ಬರೆದಿಡಿ. ಇಂಟೆಲ್ ಪ್ರಕರಣದಲ್ಲೂ ಕಮಿಷನ್‌ಗೆ ಬಲ ಕೊಟ್ಟಿದ್ದು ಕಂಪ್ಯೂಟರ್ ಕಂಪನಿಗಳ ಒಳಗಿನ ಇಮೇಲ್‌ಗಳೇ. ಇನ್ನು ಗಿರಾಕಿಗೆ ಸ್ಟಾಕ್ ಇಲ್ಲ ಅಂತ ಹೇಳುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಎರಡೂ ಕಂಪನಿಯ ಕೊಟೇಶನ್ ಕೊಡಿ, ನಿಮಗೆ ಬೀಳುವ ರೇಟಿನ ಮೇಲೆ ನಿಮ್ಮ ಲಾಭ ಇಟ್ಟು ಕೊಡಿ, ಅವರೇ ಆರಿಸಲಿ. ಕಾಗದ ಕೂಡಿದ ಮೇಲೆ ಸ್ಪರ್ಧಾ ಕಾನೂನು ಗೊತ್ತಿರುವ ವಕೀಲರಿಗೆ ತೋರಿಸಿ. ಡಿಸ್ಟ್ರಿಬ್ಯೂಟರ್ ಮಾಲು ನಿಲ್ಲಿಸಿಬಿಟ್ಟರೆ ಅನ್ನುವ ಭಯ ಇದ್ದರೆ, ಮಾಹಿತಿ ಸಲ್ಲಿಸುವಾಗಲೇ ನಿಮ್ಮ ಹೆಸರನ್ನು ಗುಟ್ಟಾಗಿಡಿ ಅಂತ ಆಯೋಗವನ್ನು ಬರಹದಲ್ಲಿ ಕೇಳಿಕೊಳ್ಳಬಹುದು, ಅದಕ್ಕೆ ನಿಯಮದಲ್ಲೇ ಅವಕಾಶ ಇದೆ.